ಹಗೇವಿನ ಬಾಯಿ

ನಮ್ಮ ಮೂಲ ಮನೆಯನ್ನು ಕೆಡವಿ ಆ ಸ್ಥಳದಲ್ಲಿ ಕಾಂಕ್ರೀಟಿನ ಮಳಿಗೆಗಳನ್ನು ಕಟ್ಟಿಸುವುದೆಂದು ಅಣ್ಣನ ಮಕ್ಕಳು ನಿಶ್ಚಯಿಸಿದ ಸಮಾಚಾರ ಬಂದ ಮೇಲೆ, ಒಮ್ಮೆ ಎಲ್ಲರೂ ಕೂಡಿ ನೋಡಿ ಬರೋಣವೆಂದು, ಶುಕ್ರವಾರ ರಾತ್ರಿ ಮಗ, ಸೊಸೆ, ಮೊಮ್ಮಗಳೊಡನೆ ಬೆಂಗಳೂರಿನಲ್ಲಿ ರೈಲು ಹತ್ತಿದೆನು. ರೈಲು ಬರುತ್ತದೆಂಬ ಮಾತನ್ನು ಕೇಳುತ್ತಲೇ ಮುದುಕರಾದ ನಮಗೆ, 2024ರಲ್ಲಿ ಸಿಂಧನೂರಿನ ನಿಲ್ದಾಣವೆಂಬುದು ಕಣ್ಣಿಗೆ ಕಂಡದ್ದೇ ಒಂದು ಸೋಜಿಗ. ಮಸ್ಕಿಯ ದಾರಿಯಲ್ಲಿರುವ ನಮ್ಮ ಊರನ್ನು ಸೇರುವಷ್ಟರಲ್ಲಿ ಮಾಳಿಗೆಯ ಒಂದು ಪಾರ್ಶ್ವ ಆಗಲೇ ನೆಲಕ್ಕೆ ಬಿದ್ದಿದ್ದಿತು. ಅಂಗಳದ ಮೂಲೆಯಲ್ಲಿ ಜೆಸಿಬಿಯ ಹಲ್ಲಿಗೆ ಸಿಕ್ಕಿ ಬಾಯ್ದೆರೆದಿದ್ದ ಗುಂಡನೆಯ ಕುಣಿಯನ್ನು ಬಗ್ಗಿ ನೋಡಿ ಮೊಮ್ಮಗಳು, “ತಾತಾ, ಇದು ಹಳೇ ಬಾವೀನಾ?” ಎಂದು ಕೇಳಿದಳು. ಅವಳ ತಂದೆಗೂ ಉತ್ತರ ತಿಳಿದಿರಲಿಲ್ಲ.

ಅದು ಹಗೇವು, ಜೋಳವನ್ನು ಹೂಳಿಡುವ ನೆಲದ ಕಣಜ. ನನಗೆ ತಿಳಿವಳಿಕೆ ಬರುವ ವೇಳೆಗೆ ನಿಜಾಮರ ಆಳಿಕೆ ಮುಗಿದು, ಅವರ ಉರ್ದು ಮಾತ್ರ ಹಳೆಯ ಕಾಗದಪತ್ರಗಳಲ್ಲಿ ಉಳಿದಿದ್ದಿತು; ತುಂಗಭದ್ರೆಯ ನೀರು ನಮ್ಮ ಹೊಲಗಳನ್ನು ಇನ್ನೂ ಮುಟ್ಟಿರಲಿಲ್ಲ. ಉತ್ತರಿ, ಹಸ್ತ, ಚಿತ್ತಿ ಮಳೆಗಳು ಹದವಾಗಿ ಸುರಿದು ಎರೆಯ ನೆಲ ಒಮ್ಮೆ ತೃಪ್ತವಾಯಿತೆಂದರೆ, ಆ ಕಪ್ಪು ಮಣ್ಣು ತನ್ನ ಗರ್ಭದಲ್ಲಿ ಹಿಡಿದಿಟ್ಟ ಹಸಿಯೊಂದನ್ನೇ ನಂಬಿ ಬಿಳಿಜೋಳ ಆಳೆತ್ತರ ಬೆಳೆದು ನಿಲ್ಲುತ್ತಿದ್ದಿತು. ಎಳ್ಳ ಅಮಾವಾಸ್ಯೆಗೆ ಬಂಡಿ ಹೂಡಿ ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲಿ, ಎಳೆಗಾಳು ಸುಟ್ಟು ತಿನ್ನುವ ಸೀತನಿಯ ಕಾಲ ಮುಗಿದು, ಕಣದ ರಾಶಿ ಮನೆಗೆ ಬಂದ ಬಳಿಕ ಹಗೇವಿನ ಕೆಲಸ ಆರಂಭವಾಗುತ್ತಿದ್ದಿತು.

ಈ ಕಾರ್ಯಕ್ಕೆ ಊರಿಗೆಲ್ಲ ಒಬ್ಬನೇ ಆಚಾರ್ಯ. ನಾವು ಮಕ್ಕಳು ಅವನನ್ನು ಹಗೇವಿನಜ್ಜನೆಂದೇ ಕರೆಯುತ್ತಿದ್ದೆವು. ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಆಳದಿಂದ ಹಿಡಿಕಾಳು ತೆಗೆದು, ಒಂದನ್ನು ಹಲ್ಲಿನ ನಡುವೆ ಇಟ್ಟು ಕಡಿಯುವನು. ‘ಕಟ್’ ಎಂಬ ಸದ್ದು ಕೇಳದಿದ್ದರೆ, ಎಂಥ ಗೌಡನೇ ಅವಸರಪಡಿಸಲಿ, ಇನ್ನೆರಡು ಬಿಸಿಲು ಕಾಣಲೆಂದು ಹೇಳಿ ಎದ್ದು ಹೋಗಿಬಿಡುವನು. ಕಾಳು ಒಪ್ಪಿಗೆಯಾದ ಮೇಲೆ ಹಗೇವಿನ ಸುತ್ತುಗೋಡೆಗೆ ಜೋಳದ ದಂಟಿನ ಕಣಿಕೆಯನ್ನು ಒತ್ತಾಗಿ ನಿಲ್ಲಿಸಿ, ತಳಕ್ಕೆ ಹೊಟ್ಟು ಹಾಸಿ, ಜೋಳವನ್ನು ತುಂಬಿಸಿ, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣನ್ನು ತುಳಿದು ಮೆತ್ತುವನು.

ಅವನ ವಿದ್ಯೆಯ ನಿಜವಾದ ಪರೀಕ್ಷೆ ಹಗೇವನ್ನು ತೆರೆಯುವ ದಿನ ನಡೆಯುತ್ತಿದ್ದಿತು. ಚಪ್ಪಡಿ ಸರಿಸಿ, ನಮ್ಮನ್ನೆಲ್ಲ ದೂರಕ್ಕೆ ಅಟ್ಟಿ, ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಆನಂತರ ಹಗ್ಗಕ್ಕೆ ಕಟ್ಟಿದ ದೀಪವನ್ನು ಮೆಲ್ಲಗೆ ಒಳಗೆ ಬಿಡುತ್ತಿದ್ದನು. ದೀಪ ನಂದಿತೆಂದರೆ ಮತ್ತೆ ಕಾಯುವುದು. “ಒಳಗಿನ ಗಾಳಿ ಕೆಟ್ಟದ್ದೈತ್ರೆಪ್ಪಾ, ದೀಪ ಒಪ್ಪಿದ ಮ್ಯಾಲೆ ನಾವು ಇಳಿಯೋದು” ಎನ್ನುವನು. ಮುಚ್ಚಿದ ಕಾಳು ತಾನೇ ಉಸಿರಾಡಿ ಹೊರಬಿಟ್ಟ ಗಾಳಿ ಅಲ್ಲಿ ಕಟ್ಟಿನಿಂತು, ಹುಳಗಳನ್ನು ಕೊಂದು ಜೋಳವನ್ನು ಕಾಪಾಡುತ್ತಿದ್ದಿತು. ಅದೇ ಗಾಳಿ ಅವಸರದಿಂದ ಇಳಿದ ಮನುಷ್ಯನ ಪ್ರಾಣವನ್ನೂ ತೆಗೆಯಬಲ್ಲುದಾಗಿದ್ದಿತು.

ಆಗ ಮೇಲೇಳುತ್ತಿದ್ದ ವಾಸನೆಯನ್ನು ಯಾವ ಮಾತಿನಲ್ಲಿ ಹೇಳಲಿ? ನೆನೆದ ಕಣಿಕೆಯ ಕಂಪು, ಹುಳಿಯೇರಿದ ಹಿಟ್ಟಿನ ಘಾಟು, ಬಹುಕಾಲ ಬಿಸಿಲು ಕಾಣದ ಮಣ್ಣಿನ ಬೆಚ್ಚನೆಯ ಗಂಧ, ಇವೆಲ್ಲ ಏಕವಾಗಿ ಓಣಿಯನ್ನೇ ತುಂಬಿಕೊಳ್ಳುತ್ತಿದ್ದುವು. ಹಗೇವಿನ ಜೋಳದ ರೊಟ್ಟಿಯಲ್ಲಿಯೂ ಆ ವಾಸನೆ ಉಳಿದಿರುತ್ತಿತ್ತು, ಉಂಡವರು ಮರೆಯಲಾರರು.

ಆದರೆ ಸವಿನೆನಪು ಸತ್ಯವನ್ನು ನುಂಗಬಾರದು. ಗೋಡೆಗೆ ತಗುಲಿದ ಜೋಳ ಕಪ್ಪಿಟ್ಟು ಕಹಿಯಾಗುತ್ತಿದ್ದಿತು. ನಡುವಿನದು ಮುತ್ತಿನಂತೆ ಬೆಳ್ಳಗಿರುತ್ತಿದ್ದಿತು. ನಡುವಿನ ಜೋಳ ನಮ್ಮ ಮನೆಗೆ, ಗೋಡೆಯ ಜೋಳ ಕೂಲಿಯವರಿಗೆ, ಹಾಗೆಯೇ ಪದ್ಧತಿ. ಬಿತ್ತುವ ದಿನಗಳಲ್ಲಿ ಕಾಳನ್ನು ಸಾಲವಾಗಿ ಒಯ್ದವರು ಸುಗ್ಗಿಯಲ್ಲಿ ಒಂದಕ್ಕೆ ಒಂದೂವರೆ ಅಳೆಯಬೇಕಾಗಿದ್ದಿತು. ಮಳೆ ಕೈಕೊಟ್ಟ ವರ್ಷ ಹಗೇವುಳ್ಳವರು ಬದುಕಿದರು, ಇಲ್ಲದವರು ಗುಳೆ ಹೋದರು. ದೀಪ ಬಿಟ್ಟು, ಇಳಿದು, ಕಾಳು ಹೊತ್ತು ಮೇಲೆ ಬಂದ ಆ ಅಜ್ಜನ ಸೆರಗಿಗೂ ಗೋಡೆಯ ಜೋಳವೇ ಬೀಳುತ್ತಿದ್ದಿತು.

1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ನಮ್ಮ ಸೀಮೆಗೆ ನೀರು ತಂದಾಗ, ಅದರ ಹಿಂದೆಯೇ ಕೃಷ್ಣಾ ಗೋದಾವರಿ ಸೀಮೆಯ ರೈತರೂ ಬಂದು ಕ್ಯಾಂಪುಗಳನ್ನು ಹೂಡಿದರು. ನಮ್ಮ ತಂದೆಯೊಡನೆ ಅವರು ಭೂಮಿಯ ವ್ಯವಹಾರ ಮಾಡಿದ ಆ ಮಧ್ಯಾಹ್ನ ನನ್ನ ಕಣ್ಣ ಮುಂದೆಯೇ ಇದೆ. ಅವರಲ್ಲಿ ಹಿರಿಯನು ಎರೆಮಣ್ಣನ್ನು ಅಂಗೈಯಲ್ಲಿ ಹಿಡಿದು, ತಂಬಿಗೆಯ ನೀರನ್ನು ಹನಿಸಿ, ಹಿಸುಕಿ ಉಂಡೆ ಮಾಡಿ, ಬೆರಳಿನಿಂದ ಒತ್ತಿ ನೋಡಿ, ತೆಲುಗಿನಲ್ಲಿ ಒಂದು ಬೆಲೆ ಹೇಳಿದನು. ತಮ್ಮಲ್ಲಿ ಒಂದು ಎಕರೆ ಮಾರಿ ಇಲ್ಲಿ ಹಲವು ಎಕರೆ ಕೊಳ್ಳಬಲ್ಲ ಅವರಿಗೆ ಅದು ಅಲ್ಪ. ಮಳೆಯನ್ನೇ ನಂಬಿ ಬಾಳಿದ ನಮ್ಮವರಿಗೆ ಅಪಾರ. ತಂದೆ ಹೆಚ್ಚು ಕೇಳಲಿಲ್ಲ. ನೆಲವನ್ನು ಮಟ್ಟ ಮಾಡಿ ಮಡಿ ಕಟ್ಟಿ ನಾಟಿ ಹಚ್ಚುವ ವಿದ್ಯೆಯನ್ನು ನಮಗೆ ಕಲಿಸಿದವರು ಆ ಕ್ಯಾಂಪುಗಳ ಜನರೇ ಎಂಬುದನ್ನು ಕೃತಜ್ಞತೆಯಿಂದ ಹೇಳಬೇಕು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೂ ಈ ಸಿಂಧನೂರು ತಾಲ್ಲೂಕು ನೆಲೆ ಕೊಟ್ಟಿತು, ಆರ್.ಎಚ್. ಎಂಬ ಅವರ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ ಇಂದಿಗೂ ಮನೆಮಾತು. ಹೊಟ್ಟೆಗೆ ಅನ್ನ ಕೊಟ್ಟ ನೀರನ್ನು ಹಳಿಯುವವನು ಮೂರ್ಖ.

ಇಂದು ಸಿಂಧನೂರೆಂದರೆ ಸೋನಾ ಮಸೂರಿ, ಅಕ್ಕಿ ಗಿರಣಿ, ಟ್ರ್ಯಾಕ್ಟರುಗಳ ಸಾಲು ಅಂಗಡಿ. ಭತ್ತ ಗದ್ದೆಯಿಂದ ನೇರವಾಗಿ ಅಡತಿಗೆ ಹೋಗುತ್ತದೆ. ಒಂದು ವರ್ಷದ ಗ್ರಾಸವನ್ನು ಮನೆಯಲ್ಲಿಡುವವರೇ ವಿರಳ. ಜೋಳದ ಹಿಟ್ಟು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಬಹುಪಾಲು ಅಚ್ಚುಕಟ್ಟನ್ನು ಜೋಳ, ಹತ್ತಿ ಮುಂತಾದ ಅಲ್ಪ ನೀರಿನ ಬೆಳೆಗಳಿಗೆಂದು ಗೊತ್ತುಪಡಿಸಿ, ಆದಷ್ಟು ಹೆಚ್ಚು ಜನರನ್ನು ಬರದಿಂದ ರಕ್ಷಿಸಬೇಕೆಂಬುದು ಈ ಕಾಲುವೆಯ ಮೂಲ ಸಂಕಲ್ಪವಾಗಿದ್ದಿತು. ನಾವು ಮೇಲ್ಭಾಗದವರು ಭತ್ತವನ್ನೇ ಹಾಕಿದೆವು. ಅತಿಯಾದ ನೀರಿನಿಂದ ನಮ್ಮಲ್ಲಿ ನೆಲ ಸವಳು ಜವಳಾಯಿತು. ಮಾನ್ವಿ, ರಾಯಚೂರುಗಳ ಕೊನೆಭಾಗದಲ್ಲಿ ಕಾಲುವೆ ಒಣಗಿತು. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟಿನಲ್ಲಿ 19ನೆಯ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ಉಸಿರು ಬಿಗಿಹಿಡಿದು ಕುಳಿತಿದ್ದಿತು. ಬೇರೆ ಗೇಟು ನಿಂತಿತು, ಭಯ ಹೋಯಿತು, ನೀರು ಹಂಚುವ ಬುದ್ಧಿ ಮಾತ್ರ ಬರಲಿಲ್ಲ.

ಭಾನುವಾರ ಮಸ್ಕಿಗೆ ಹೋದೆವು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡುಹಿಡಿದ ಅಲ್ಲಿಯ ಶಾಸನವನ್ನು, ದೇವಾನಾಂಪ್ರಿಯನೆಂಬ ಬಿರುದಿನ ದೊರೆ ಅಶೋಕನೇ ಎಂಬುದನ್ನು ಸ್ಥಿರಪಡಿಸಿತೆಂದು ನಾವೆಲ್ಲ ಹೆಮ್ಮೆಯಿಂದ ತೋರಿಸುತ್ತೇವೆ. ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಧರ್ಮದಲ್ಲಿ ತೊಡಗಿದ ಸಣ್ಣವನಿಗೂ ಅದು ಸಲ್ಲುತ್ತದೆಂಬ ಅದರ ತಾತ್ಪರ್ಯವನ್ನು ಮಾತ್ರ ಯಾರೂ ಮಕ್ಕಳಿಗೆ ಹೇಳುವುದಿಲ್ಲ. ನಾನು ಮೊಮ್ಮಗಳಿಗೆ ಹೇಳಿದೆನು. ಆ ಮಾತು ನಮ್ಮ ನೀರಿನ ಹಂಚಿಕೆಗೂ ಸಲ್ಲುತ್ತದೆ. ತುಂಗಭದ್ರೆಯ ಜಲಾಶಯ ಇಡೀ ನಾಡಿನ ಹಗೇವು; ಅದರ ಬಾಯಿಯ ಬಳಿ ಕುಳಿತವರು ಇಂದಿಗೂ ನಡುವಿನ ಕಾಳನ್ನು ತಾವು ಬಾಚಿಕೊಂಡು, ಗೋಡೆಯ ಕಾಳನ್ನು ಕೆಳಗಿನವರ ಸೆರಗಿಗೆ ಹಾಕುತ್ತಿದ್ದಾರೆ. ಹಗೇವನ್ನು ಮುಚ್ಚಿದ ನಾವು ಅದರ ಎಚ್ಚರವನ್ನೂ ಮಿತವ್ಯಯವನ್ನೂ ಕಳೆದುಕೊಂಡೆವು, ಅದರ ಅನ್ಯಾಯವನ್ನು ಮಾತ್ರ ಉಳಿಸಿಕೊಂಡೆವು. ಮಾನ್ವಿಯ ಕೊನೆಯ ಹೊಲಕ್ಕೆ ಅದರ ಪಾಲಿನ ನೀರು ಮುಟ್ಟುವವರೆಗೆ ನಮ್ಮ ಸಮೃದ್ಧಿಯನ್ನು ಅಭಿವೃದ್ಧಿಯೆಂದು ಕರೆಯುವ ಅಧಿಕಾರ ನಮಗಿಲ್ಲ.