ಮನಸೂರ: ಊರೊಂದು ಮನೆತನದ ಹೆಸರಾದ ಬಗೆ

ಉತ್ತರ ಕರ್ನಾಟಕದ ಯಾವ ಹಳ್ಳಿಗೆ ಹೋದರೂ ಪರಸ್ಥಳದಿಂದ ಬಂದವರಿಗೆ ಎದುರಾಗುವ ಪ್ರಶ್ನೆಗಳು ಮೂರು. “ಯಾವ ಊರವರ್ರೀ? ಯಾರ ಮನಿಯವರ್ರೀ? ಅಡ್ಡಹೆಸರು ಏನ್ರೀ?” ಈ ಮೂರಕ್ಕೂ ಉತ್ತರ ಕೊಟ್ಟವನು ಆ ಊರಿಗೆ ಅಪರಿಚಿತನಾಗಿ ಉಳಿಯುವುದಿಲ್ಲ. ಕುಳಿತುಕೊಳ್ಳಲು ಜಾಗ, ಕುಡಿಯಲು ನೀರು, ಒಂದು ಬಟ್ಟಲು ಚಹಾ ತಾನಾಗಿಯೇ ಬರುತ್ತವೆ. ಕೆಲವರ ಮಟ್ಟಿಗೆ ಈ ಮೂರು ಪ್ರಶ್ನೆಗಳಿಗೂ ಒಂದೇ ಉತ್ತರವಿರುತ್ತದೆ. ಅವರ ಊರೇ ಅವರ ಅಡ್ಡಹೆಸರು. ಅಂತಹ ಹೆಸರುಗಳಲ್ಲಿ ಅತಿ ವಿರಳವಾದ, ಆದರೆ ಭಾರತದಾದ್ಯಂತ ಕೇಳಿಬಂದ ಒಂದು ಹೆಸರಿನ ಜಾಡು ಹಿಡಿದು ನಾವು ಧಾರವಾಡದ ಸೀಮೆಯಲ್ಲಿ ಸಂಚರಿಸಿದೆವು. ಆ ಹೆಸರು ‘ಮನಸೂರ’.

ಧಾರವಾಡದಿಂದ ಪಶ್ಚಿಮಕ್ಕೆ ಸುಮಾರು 5 ಕಿಲೋಮೀಟರ್ ಅಂತರದಲ್ಲಿ ಮನಸೂರ ಗ್ರಾಮವಿದೆ. ಮಲೆನಾಡಿನ ಸೆರಗು ಬಯಲುಸೀಮೆಯನ್ನು ಮುಟ್ಟುವ ಸ್ಥಳವೇ ಧಾರವಾಡ. ಅಲ್ಲಿಂದ ಪೂರ್ವಕ್ಕೆ ಹೊರಟರೆ ನವಲಗುಂದದ ಕಡೆಯ ಎರೆಭೂಮಿ. ಹತ್ತಿ, ಜೋಳ, ಕಡಲೆಗಳ ಸೀಮೆ. ಪಶ್ಚಿಮಕ್ಕೆ ಹೊರಟರೆ ಮಸಾರಿ ಮಣ್ಣು, ಮಾವಿನ ತೋಪುಗಳು, ಮಳೆಯನ್ನು ನಂಬಿದ ಭತ್ತದ ಹೊಲಗಳು. ಪೇಟೆಯ ಸದ್ದು ಹಿಂದೆ ಸರಿಯುತ್ತಿದ್ದಂತೆ ಗಾಳಿಯೂ ತಂಪಾಗುತ್ತದೆ. ಇಂತಹ ನೆಲದ ಒಂದು ಒಕ್ಕಲುತನದ ಹಳ್ಳಿಯಲ್ಲಿ, 1910ರ ಡಿಸೆಂಬರ್ 31ರಂದು, ಊರ ಗೌಡಿಕೆಯ ಭೀಮರಾಯಪ್ಪನವರು ಹಾಗೂ ನೀಲಮ್ಮನವರ ಮಗನಾಗಿ ಮಲ್ಲಿಕಾರ್ಜುನರು ಜನಿಸಿದರು. ಮುಂದೆ ಜಗತ್ತು ಅವರನ್ನು ಪಂಡಿತ ಮಲ್ಲಿಕಾರ್ಜುನ ಮನಸೂರ ಎಂದು ಕರೆಯಿತು.

ಈ ಹೆಸರನ್ನು ಸ್ವಲ್ಪ ಬಿಡಿಸಿ ನೋಡೋಣ. ಶ್ರೀಶೈಲದ ಆರಾಧ್ಯದೈವ ಮಲ್ಲಿಕಾರ್ಜುನನ ಹೆಸರು ಮೊದಲಿಗೆ, ಧಾರವಾಡದ ಮಗ್ಗುಲಿನ ಹಳ್ಳಿಯ ಹೆಸರು ಕೊನೆಗೆ. ಹೀಗೆ ಒಬ್ಬರ ಹೆಸರಿನಲ್ಲಿ ಎರಡು ಸ್ಥಳಗಳು ಕೂಡಿಕೊಂಡಿವೆ. ‘ಮನಸೂರ’ ಎಂಬುದರ ಕೊನೆಯಲ್ಲಿರುವುದು ‘ಊರು’ ಎಂಬ ಅಚ್ಚಗನ್ನಡ ಪದ. ಗ್ರಾಮವಾಚಕವಾದ ಈ ಪದವು ಮನೆತನದ ಹೆಸರಾಗುವಾಗ ಕೊನೆಯ ಉಕಾರವನ್ನು ಕಳೆದುಕೊಂಡು ‘ಊರ’ ಎಂದಾಗುವುದು ಉತ್ತರ ಕರ್ನಾಟಕದ ರೂಢಿ. ಬೆಂಗಳೂರು, ಮೈಸೂರುಗಳ ಕಡೆಯ ಬರಹಗಳಲ್ಲಿ ಇದೇ ಹೆಸರು ‘ಮನ್ಸೂರ್’ ಎಂದು ಅಚ್ಚಾಗುತ್ತದೆ. ಇಂಗ್ಲಿಷ್ ಲಿಪಿಯಲ್ಲಿಯೂ ಅದೇ ರೂಪ.

ಇಲ್ಲಿಯೇ ಹೊರಗಿನವರಿಗೆ ಒಂದು ಗೊಂದಲವುಂಟಾಗುತ್ತದೆ. ಅರಬ್ಬೀ ಭಾಷೆಯಲ್ಲಿ ‘ಮನ್ಸೂರ್’ ಎಂದರೆ ದೈವಸಹಾಯ ಪಡೆದವನು, ವಿಜಯಶಾಲಿ ಎಂಬ ಅರ್ಥ. 922ರಲ್ಲಿ ಬಗದಾದಿನಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಸಂತ ಹಲ್ಲಾಜರನ್ನು ನಮ್ಮ ದೇಶದಲ್ಲಿಯೂ ಮನ್ಸೂರ್ ಎಂದೇ ಸ್ಮರಿಸುವುದುಂಟು. ಜಹಾಂಗೀರ ಬಾದಶಹನ ಆಸ್ಥಾನದಲ್ಲಿ ಪಶುಪಕ್ಷಿಗಳ ಚಿತ್ರಗಳನ್ನು ಬರೆದ ಉಸ್ತಾದ್ ಮನ್ಸೂರರ ಹೆಸರನ್ನು ಕಲಾಪ್ರಿಯರು ಬಲ್ಲರು. ಅಲ್ಲಿ ಅದು ವ್ಯಕ್ತಿಗೆ ಇಡುವ ಹೆಸರು; ಸಾವಿರಾರು ಜನರಿಗೆ ಇರುವ ಹೆಸರು. ನಮ್ಮಲ್ಲಿ ಅದು ಊರಿನ ಹೆಸರು. ಬೆರಳೆಣಿಕೆಯ ಕುಟುಂಬಗಳ ಗುರುತು. ಧ್ವನಿ ಒಂದಾದರೂ ಬೇರು ಬೇರೆ, ಬಾಳಿದ ನೆಲ ಬೇರೆ.

ಬೆರಳೆಣಿಕೆಯ ಕುಟುಂಬಗಳು ಎಂದೆವು. ಅದೇಕೆ ಹಾಗೆ? ನಮ್ಮ ಜನಗಣತಿಯು ಅಡ್ಡಹೆಸರುಗಳ ಲೆಕ್ಕವನ್ನು ಪ್ರಕಟಿಸುವುದಿಲ್ಲ. ಆದರೂ ಲಗ್ನಪತ್ರಿಕೆಗಳನ್ನೋ ಮತದಾರರ ಪಟ್ಟಿಗಳನ್ನೋ ಶಾಲೆಯ ದಾಖಲಾತಿ ಪುಸ್ತಕಗಳನ್ನೋ ಗಮನಿಸಿದವರಿಗೆ ಒಂದು ಸಂಗತಿ ಹೊಳೆಯದಿರದು. ಪಾಟೀಲ, ಹಿರೇಮಠ, ಬಡಿಗೇರ, ಪೂಜಾರ ಮುಂತಾದ ಹೆಸರುಗಳು ಪುಟಪುಟಕ್ಕೂ ಬರುತ್ತವೆ. ಊರಿಗೊಬ್ಬ ಪಾಟೀಲನಿರುತ್ತಿದ್ದ, ಅನೇಕ ಊರುಗಳಿಗೆ ಒಂದೊಂದು ಹಿರೇಮಠವಿರುತ್ತಿತ್ತು, ಬಡಗಿಯಿಲ್ಲದೆ ಒಕ್ಕಲುತನ ಸಾಗುತ್ತಿರಲಿಲ್ಲ. ಸಾವಿರಾರು ಹಳ್ಳಿಗಳಲ್ಲಿ ಒಂದೇ ಹುದ್ದೆ, ಒಂದೇ ಕಾಯಕ ಇದ್ದುದರಿಂದ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಸಾವಿರಾರು ಮನೆಗಳು ಒಂದೇ ಹೆಸರನ್ನು ಪಡೆದವು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾನೂನಿನಿಂದ ವಂಶಪಾರಂಪರ್ಯದ ಅಧಿಕಾರ ಹೋಯಿತು, ಪಾಟೀಲರ ಹೆಸರು ಮಾತ್ರ ಉಳಿಯಿತು.

ಊರಿನಿಂದ ಬಂದ ಹೆಸರಿನ ಹಾದಿ ಇದಕ್ಕೆ ವಿರುದ್ಧವಾದುದು. ಊರೊಳಗೆ ಇರುವವರಿಗೆ ಊರಿನ ಹೆಸರು ಗುರುತಾಗಲಾರದು. ಅಲ್ಲಿ ಎಲ್ಲರೂ ಅದೇ ಊರಿನವರೇ. ಒಬ್ಬ ಮನುಷ್ಯ ಗಂಟುಮೂಟೆ ಕಟ್ಟಿಕೊಂಡು ಹೊರಗೆ ಹೋದಾಗ, ಹೊಸ ಊರಿನ ಜನ ಅವನನ್ನು ಹಳೆಯ ಊರಿನ ಹೆಸರು ಹಿಡಿದು ಕರೆಯತೊಡಗುತ್ತಾರೆ. ಅಂದರೆ ಇಂತಹ ಅಡ್ಡಹೆಸರು ಹುಟ್ಟುವುದು ಊರಿನಲ್ಲಲ್ಲ, ಊರು ಬಿಟ್ಟ ಮೇಲೆ. ಬರದಿಂದಲೋ ವಿದ್ಯೆಗಾಗಿಯೋ ವ್ಯಾಪಾರಕ್ಕಾಗಿಯೋ ನೌಕರಿಗಾಗಿಯೋ ಹೊರಟುಹೋದ ಮನೆಗಳೆಷ್ಟೋ ಅಷ್ಟೇ ಮನೆಗಳಿಗೆ ಆ ಹೆಸರು. ಸಣ್ಣ ಹಳ್ಳಿಯಿಂದ ಹೊರಟವರು ಕೆಲವರೇ. ಆದುದರಿಂದ ಹೆಸರೂ ವಿರಳ. ವಿರಳವಾದ ಅಡ್ಡಹೆಸರೆಂಬುದು ಒಂದು ವಲಸೆಯ ದಾಖಲೆ ಎಂದು ನಾವು ತಿಳಿಯಬೇಕು.

ಕನ್ನಡದ ಹಿರಿಯರ ಹೆಸರುಗಳನ್ನೇ ಸಾಲಾಗಿ ಇಟ್ಟರೆ ಉತ್ತರ ಕರ್ನಾಟಕದ ಒಂದು ನಕಾಶೆ ಸಿದ್ಧವಾಗುತ್ತದೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಲಾದ ನಾಡಗೀತೆಯ ಕವಿ ಹುಯಿಲಗೋಳ ನಾರಾಯಣರಾಯರು, ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಗದಗ ತಾಲೂಕಿನ ಎರಡು ಹಳ್ಳಿಗಳನ್ನು ಹೆಸರಿನಲ್ಲಿ ಹೊತ್ತವರು. ‘ಆನಂದಕಂದ’ರೆಂದು ಖ್ಯಾತರಾದ ಬೆಟಗೇರಿ ಕೃಷ್ಣಶರ್ಮರದು ಗೋಕಾಕ ತಾಲೂಕಿನ ಬೆಟಗೇರಿ. ವಿ. ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಇಂದಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ. ಹೆಸರು ಮಾತ್ರ ಬೆಳಗಾವಿ ಜಿಲ್ಲೆಯ ಗೋಕಾಕದ್ದು. ವಚನ ಸಾಹಿತ್ಯದ ಸಂಶೋಧಕ ಎಂ. ಎಂ. ಕಲಬುರ್ಗಿಯವರು 1938ರಲ್ಲಿ ಹುಟ್ಟಿದ್ದು ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ, ಹೆಸರು ಕಲಬುರಗಿಯದು. ಇವರ ಅಡ್ಡಹೆಸರು ಹುಟ್ಟೂರನ್ನು ಹೇಳುವುದಿಲ್ಲ, ಬೇರೊಂದು ನೆಲೆಯನ್ನು ಹೇಳುತ್ತದೆ. ಮಲ್ಲಿಕಾರ್ಜುನ ಮನಸೂರರಲ್ಲಿ ಹಾಗಲ್ಲ. ಅವರ ಹುಟ್ಟೂರೂ ಅಡ್ಡಹೆಸರೂ ಒಂದೇ.

ಬರೆಯುವ ಪದ್ಧತಿಯಲ್ಲಿಯೂ ಸೀಮೆಸೀಮೆಗೆ ವ್ಯತ್ಯಾಸವಿದೆ. ಧಾರವಾಡ ಪ್ರಾಂತ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಎಂಬ ಕ್ರಮ ಅಲ್ಲಿಯದು. ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಎಂಬಲ್ಲಿ ನಾವು ಕಾಣುವುದು ಇದನ್ನೇ. ಹಳೆಯ ಮೈಸೂರಿನಲ್ಲಿಯೂ ಊರು ಹೆಸರಿನೊಳಗೆ ಇದೆ, ಆದರೆ ಒಂದೇ ಅಕ್ಷರವಾಗಿ ಮುಂದೆ ನಿಂತಿದೆ. ಕೆ. ವಿ. ಪುಟ್ಟಪ್ಪ ಎಂಬಲ್ಲಿಯ ‘ಕೆ’ ಎಂದರೆ ಕುಪ್ಪಳಿ, ಡಿ. ವಿ. ಗುಂಡಪ್ಪ ಎಂಬಲ್ಲಿಯ ‘ಡಿ’ ಎಂದರೆ ದೇವನಹಳ್ಳಿ. ಮರಾಠಿಯ ಪ್ರಭಾವವಿದ್ದಲ್ಲಿ ಊರಿಗೆ ‘ಕರ’ ಎಂಬ ಪ್ರತ್ಯಯ ಸೇರುತ್ತದೆ. ಹುಬ್ಬಳ್ಳಿಯ ಸಮೀಪದ ಕುಂದಗೋಳದವರಾದ ಸವಾಯಿ ಗಂಧರ್ವರ ನಿಜನಾಮ ರಾಮಭಾವು ಕುಂದಗೋಳಕರ. ಕನ್ನಡವು ಪ್ರತ್ಯಯದ ಹಂಗಿಲ್ಲದೆ ಊರನ್ನೇ ಹೆಸರಾಗಿಸಿಕೊಂಡಿತು.

ಹೀಗೆ ಊರು ಬಿಟ್ಟು ಊರಿನ ಹೆಸರನ್ನು ಹೊತ್ತವರಲ್ಲಿ ಮಲ್ಲಿಕಾರ್ಜುನರ ಪಯಣ ಬಹು ದೀರ್ಘವಾದುದು. ಎಳೆಯ ವಯಸ್ಸಿನಲ್ಲಿಯೇ ನಾಟಕ ಕಂಪನಿಯ ರಂಗವೇರಿದರು. ಅಪ್ಪಯ್ಯ ಸ್ವಾಮಿಗಳಲ್ಲಿ ಕರ್ನಾಟಕ ಸಂಗೀತದ ಪಾಠ, ಬಳಿಕ ಮಿರಜಿನಲ್ಲಿ ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯ ಶಿಕ್ಷಣ, ಅನಂತರ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಹಾಗೂ ಬುರ್ಜಿ ಖಾನರ ಶಿಷ್ಯತ್ವ. ಈ ಗುರುಮನೆತನದ ಹೆಸರು ಜೈಪುರ-ಅತ್ರೌಲಿ ಘರಾನಾ. ಘರಾನಾ ಎಂದರೆ ಮನೆತನವೇ. ಅತ್ರೌಲಿ ಎಂಬುದು ಉತ್ತರ ಪ್ರದೇಶದ ಅಲೀಗಢ ಜಿಲ್ಲೆಯ ಒಂದು ಊರು. ಅಲ್ಲಾದಿಯಾ ಖಾನರ ಪೂರ್ವಜರ ನೆಲೆ. ಗಂಗೂಬಾಯಿ ಹಾನಗಲ್ಲರು ಹಾಡಿದ ಕಿರಾನಾ ಘರಾನೆಗೂ ಅದೇ ರಾಜ್ಯದ ಕೈರಾನಾ ಎಂಬ ಊರಿನಿಂದಲೇ ಹೆಸರು ಬಂದಿದೆ. ಅತ್ರೌಲಿಯ ಗಾಯನವು ಮನಸೂರಕ್ಕೆ ಬಂದಿತು, ಕೈರಾನಾದ್ದು ಹಾನಗಲ್ಲಿಗೆ ಬಂದಿತು. ಉತ್ತರದ ಊರಿನ ಹೆಸರನ್ನು ದಕ್ಷಿಣದ ಊರಿನ ಹೆಸರು ಉಳಿಸಿ ಬೆಳೆಸಿತು. ಜಾತಿ ಮತಗಳನ್ನು ಕೇಳದೆ ಗುರುಗಳು ಕೊಟ್ಟರು, ಶಿಷ್ಯರು ಪಡೆದರು.

ಗಂಗೂಬಾಯಿಯವರ ಹೆಸರಿನಲ್ಲಿ ನಮ್ಮ ತಾಯಂದಿರು ಗಮನಿಸಬೇಕಾದ ವಿಷಯವೊಂದಿದೆ. ಅವರ ಪತಿ ಗುರುರಾವ ಕೌಲಗಿಯವರು. ಆದರೂ ಗಂಗೂಬಾಯಿಯವರು ಹಾನಗಲ್ಲ ಎಂಬ ಹೆಸರಿನಿಂದಲೇ ಬಾಳಿ, 2009ರಲ್ಲಿ ಅದೇ ಹೆಸರಿನಿಂದ ಕೀರ್ತಿಶೇಷರಾದರು. ಸಾಮಾನ್ಯ ಕುಟುಂಬಗಳಲ್ಲಿ ಹಾಗಾಗುವುದಿಲ್ಲ. ಹೆಣ್ಣುಮಗಳು ಗಂಡನ ಮನೆಗೆ ಹೋದೊಡನೆ ತವರಿನ ಅಡ್ಡಹೆಸರು ಕಾಗದಪತ್ರಗಳಿಂದ ಮರೆಯಾಗುತ್ತದೆ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಅಜ್ಜಿಯ ತವರೂರು ಯಾವುದೆಂದು ಮೊಮ್ಮಕ್ಕಳಿಗೆ ತಿಳಿಯದು. ಗಂಡುಮಕ್ಕಳಿಲ್ಲದ ಮನೆಯಲ್ಲಿ ವಿರಳವಾದ ಹೆಸರೊಂದು ಪೂರ್ತಿ ನಿಂತೇಹೋಗುವುದೂ ಉಂಟು.

ನಮ್ಮ ಸಮಾಜದಲ್ಲಿ ವಿವಾಹ ಸಂಬಂಧ ಕುದುರಿಸುವಾಗ ಹಿರಿಯರು ಅಡ್ಡಹೆಸರಿಗಿಂತ ಬೆಡಗನ್ನು ಹೆಚ್ಚಾಗಿ ವಿಚಾರಿಸುವುದು ಯೋಗ್ಯವಾದುದೇ. ಒಂದೇ ಅಡ್ಡಹೆಸರಿದ್ದ ಮಾತ್ರಕ್ಕೆ ಇಬ್ಬರೂ ಒಂದೇ ವಂಶದವರೆಂದು ತಿಳಿಯಲಾಗದು. ಒಂದೇ ಊರಿನಿಂದ ಬೇರೆ ಬೇರೆ ಕಾಲದಲ್ಲಿ ಹೊರಟ ಬೇರೆ ಬೇರೆ ಮನೆಗಳು ಒಂದೇ ಹೆಸರನ್ನು ಪಡೆದಿರಬಹುದು. ಪಾಟೀಲ ಎಂದರೆ ಅಧಿಕಾರ ತಿಳಿಯುತ್ತದೆ, ಬಡಿಗೇರ ಎಂದರೆ ಕಾಯಕ ತಿಳಿಯುತ್ತದೆ. ಊರಿನ ಹೆಸರು ಮಾತ್ರ ಮೇಲು ಕೀಳುಗಳನ್ನು ಹೇಳುವುದಿಲ್ಲ. ಮೇಲೆ ಹೆಸರಿಸಿದ ಹಿರಿಯರು ಬೇರೆ ಬೇರೆ ಸಮಾಜಗಳಲ್ಲಿ ಹುಟ್ಟಿದವರು. ಅವರ ಅಡ್ಡಹೆಸರುಗಳಿಂದ ಅದು ಗೊತ್ತಾಗುವುದೇ ಇಲ್ಲ. 12ನೆಯ ಶತಮಾನದ ಶರಣರಲ್ಲಿಯೂ ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ ಎಂಬಂತೆ ಕಾಯಕದ ಗುರುತೂ ಇತ್ತು, ಸೊನ್ನಲಿಗೆಯ ಸಿದ್ಧರಾಮ ಎಂಬಂತೆ ಊರಿನ ಗುರುತೂ ಇತ್ತು. ಬಸವಣ್ಣನವರ ವಚನಗಳ ಅಂಕಿತದಲ್ಲಿಯೇ ಕೃಷ್ಣಾ ಮಲಪ್ರಭೆಯರು ಕೂಡುವ ಕ್ಷೇತ್ರದ ಹೆಸರು ನೆಲೆಸಿದೆಯಲ್ಲವೇ!

ಆ ಕೃಷ್ಣೆಯ ದಡದಲ್ಲಿಯೇ ಈ ವಿಚಾರದ ಇನ್ನೊಂದು ಮುಖವನ್ನು ಕಾಣುತ್ತೇವೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಅನೇಕ ಹಳ್ಳಿಗಳು ಮುಳುಗಿದವು. ಹಳೆಯ ಬಾಗಲಕೋಟೆಯ ಒಂದು ಭಾಗವೂ ನೀರಿನ ಪಾಲಾಗಿ, ನಿರಾಶ್ರಿತರಿಗಾಗಿ ನವನಗರವನ್ನು ಕಟ್ಟಲಾಯಿತು. ಮುಳುಗಡೆಯ ಹಳ್ಳಿಯ ಹಳೆಯ ಅಗಸಿ, ಕಟ್ಟೆ, ಹೊಲಗಳನ್ನು ಮಕ್ಕಳಿಗೆ ಕರೆದೊಯ್ದು ತೋರಿಸುವಂತಿಲ್ಲ. ಅಂತಹ ಊರಿನ ಹೆಸರನ್ನು ಹೊತ್ತ ಮನೆತನಕ್ಕೆ ಆ ಹೆಸರೇ ಉಳಿದ ಆಸ್ತಿ. ಮನಸೂರಕ್ಕೆ ಹೋಗಿ ಆ ಮಣ್ಣನ್ನು ಮುಟ್ಟಿ ಬರಬಹುದು. ಆ ಭಾಗ್ಯ ಎಲ್ಲ ಹೆಸರುಗಳಿಗೂ ಇಲ್ಲ.

ಧಾರವಾಡದಲ್ಲಿ ಮಲ್ಲಿಕಾರ್ಜುನ ಮನಸೂರರು ಬಾಳಿದ ಮನೆ ‘ಮೃತ್ಯುಂಜಯ’ ಈಗ ಸ್ಮಾರಕವಾಗಿದೆ. 1992ರಲ್ಲಿ ಪದ್ಮವಿಭೂಷಣ ಗೌರವ ಪಡೆದು, ಅದೇ ವರ್ಷ ಸೆಪ್ಟೆಂಬರ್ 12ರಂದು ಅವರು ಲಿಂಗೈಕ್ಯರಾದರು. ಹಿಂದೂಸ್ತಾನಿ ರಾಗಗಳಲ್ಲಿ ಅವರು ಹಾಡಿದ ಶರಣರ ವಚನಗಳು ಇಂದಿಗೂ ಮನೆಮನೆಗಳಲ್ಲಿ ಕೇಳಿಬರುತ್ತಿವೆ. ಮನಸೂರದಿಂದ ಈ ಮನೆಗೆ ಇರುವ ದಾರಿ ಬಹು ಚಿಕ್ಕದು. ಆದರೆ ಆ ಚಿಕ್ಕ ದಾರಿಯನ್ನು ದಾಟಿದ ಒಬ್ಬರಿಂದ ಹಳ್ಳಿಯ ಹೆಸರು ದೆಹಲಿ, ಮುಂಬಯಿ, ಕಲಕತ್ತೆಗಳ ಸಂಗೀತ ಸಭೆಗಳನ್ನು ಮುಟ್ಟಿತು. ಅವರ ಮಗ ರಾಜಶೇಖರ ಮನಸೂರರು 2022ರಲ್ಲಿ ತೀರಿಕೊಳ್ಳುವವರೆಗೂ ಅದೇ ಹೆಸರಿನಲ್ಲಿ ಅದೇ ಗಾಯನವನ್ನು ಮುಂದುವರಿಸಿದರು.

ಎಲ್ಲ ಮನೆತನಗಳಿಗೂ ಇಂತಹ ಗಾಯಕರು ದೊರೆಯುವುದಿಲ್ಲ. ಆದರೆ ಎಲ್ಲ ಹೆಸರಿನ ಹಿಂದೆಯೂ ಊರು ಬಿಟ್ಟ ಒಬ್ಬ ಹಿರಿಯನೋ ಹಿರಿಯಳೋ ಇದ್ದೇ ಇರುತ್ತಾರೆ. ಇಂದು ನಮ್ಮ ಮಕ್ಕಳು ದೂರದ ನಗರಗಳಲ್ಲಿ, ಪರದೇಶಗಳಲ್ಲಿ ನೆಲೆಸುತ್ತಿದ್ದಾರೆ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಅಡ್ಡಹೆಸರನ್ನು ತುಂಬುವಾಗ ಅವರಿಗೆ ಅದು ಬರಿಯ ಅಕ್ಷರಗಳ ಸಾಲಾಗಿ ತೋರುತ್ತದೆ. ಉಚ್ಚಾರಕ್ಕೆ ಕಷ್ಟವೆಂದು ಅದನ್ನು ಮೊಟಕುಗೊಳಿಸುವವರೂ, ಬಿಟ್ಟೇಬಿಡುವವರೂ ಇದ್ದಾರೆ. ಹಿರಿಯರು ಹೇಳದಿದ್ದರೆ ಮಕ್ಕಳಿಗೆ ತಿಳಿಯುವ ಬಗೆ ಹೇಗೆ?

ಆದುದರಿಂದ ನಮ್ಮ ಓದುಗ ಬಂಧುಗಳಲ್ಲಿ ಒಂದು ವಿನಂತಿ. ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ ಈ ತಿಂಗಳೇ ಅವರ ಬಳಿ ಕುಳಿತು ಕೇಳಿರಿ. ನಮ್ಮ ಅಡ್ಡಹೆಸರಿನ ಊರು ಯಾವ ತಾಲೂಕಿನಲ್ಲಿದೆ, ಅಲ್ಲಿಂದ ಹೊರಟವರು ಯಾರು, ಏತಕ್ಕಾಗಿ ಹೊರಟರು, ಮನೆದೇವರು ಯಾರು, ಬೆಡಗು ಯಾವುದು, ಅಜ್ಜಿಯ ಮತ್ತು ತಾಯಿಯ ತವರೂರುಗಳು ಯಾವುವು ಎಂಬುದನ್ನು ಒಂದು ವಹಿಯಲ್ಲಿ ಬರೆದಿಡಿರಿ. ಬೇಸಿಗೆಯ ರಜೆಯಲ್ಲಿ ಮಕ್ಕಳನ್ನು ಆ ಊರಿಗೆ ಒಮ್ಮೆ ಕರೆದೊಯ್ಯಿರಿ. ಅಲ್ಲಿ ಪರಿಚಿತರು ಯಾರೂ ಇಲ್ಲದಿರಬಹುದು. ಅಗಸಿಯ ಕಟ್ಟೆಯ ಮೇಲೆ ಕುಳಿತ ಹಿರಿಯರೊಬ್ಬರಿಗೆ ನಿಮ್ಮ ಅಡ್ಡಹೆಸರನ್ನು ಹೇಳಿದರೆ ಸಾಕು. “ಹಂಗಾರ ನೀವು ನಮ್ಮೂರವರ ಆದ್ರಿ” ಎಂಬ ಮಾತು ಬಾರದೆ ಇರದು.