ಸಾಕೆಟ್ ಎಂಬ ಅಮಾನತ್

ಲಿನಕ್ಸ್ ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಶುರುವಾಗುವ ಪ್ರೋಗ್ರಾಂನ ಸಂಖ್ಯೆ 1. ಇಂದಿನ ಹೆಚ್ಚಿನ ಲಿನಕ್ಸ್‌ಗಳಲ್ಲಿ ಅದರ ಹೆಸರು ಸಿಸ್ಟಮ್‌ಡಿ. ತೆರೆಯ ಹಿಂದೆ ದುಡಿಯುವ ಸೇವೆಗಳನ್ನೆಲ್ಲ ಎಬ್ಬಿಸುವುದು ಅದರ ಕೆಲಸ. ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ಮೇಲೆ ನಾನು ಓದಿದವುಗಳಲ್ಲಿ ನನಗೆ ಬಹಳ ಹಿಡಿಸಿದ್ದು ಅದು ಈ ಕೆಲಸ ಮಾಡುವ ರೀತಿ.

ಸಾಕೆಟ್ ಎಂದರೆ ಒಂದು ಸೇವೆಯನ್ನು ಬೇರೆ ಪ್ರೋಗ್ರಾಂಗಳು ಬಂದು ಮಾತಾಡಿಸುವ ಬಾಗಿಲು. ಸಾಮಾನ್ಯವಾಗಿ ಸೇವೆಯೇ ತನ್ನ ಬಾಗಿಲು ತೆರೆಯಬೇಕು. ಅದು ಇನ್ನೂ ಎದ್ದಿಲ್ಲದಿದ್ದರೆ ಬಂದವರಿಗೆ ಸಿಗುವ ಉತ್ತರ ‘ಕನೆಕ್ಷನ್ ರಿಫ್ಯೂಸ್ಡ್’. ಹಾಗಾಗಿ ಒಂದು ಸೇವೆಯನ್ನು ನೆಚ್ಚಿಕೊಂಡ ಇನ್ನೊಂದು ಸೇವೆ, ಮೊದಲಿನದು ಸಿದ್ಧವಾಗುವ ತನಕ ಕಾಯಬೇಕಾಗುತ್ತದೆ.

ಸಿಸ್ಟಮ್‌ಡಿ ಈ ಬಾಗಿಲನ್ನು ತಾನೇ ಮೊದಲು ತೆರೆದಿಡಬಲ್ಲದು. ಉದಾಹರಣೆಗೆ, ಪ್ರಿಂಟಿಂಗ್ ಸೇವೆಯಾದ ಕಪ್ಸ್ ನಿದ್ದೆಯಲ್ಲಿರುವಾಗ ಪ್ರಿಂಟ್ ಕೋರಿಕೆ ಬಂತು ಎನ್ನಿ. ಕರ್ನೆಲ್ ಅದನ್ನು ಸರತಿಯಲ್ಲಿ ನಿಲ್ಲಿಸುತ್ತದೆ. ಸಿಸ್ಟಮ್‌ಡಿ ಕಪ್ಸ್ ಅನ್ನು ಎಬ್ಬಿಸಿ, ತೆರೆದ ಸಾಕೆಟ್ ಅನ್ನು ಅದರ ಕೈಗೆ ಕೊಡುತ್ತದೆ. ಪ್ರತಿ ಪ್ರೋಗ್ರಾಂನಲ್ಲೂ 0, 1, 2 ಸಂಖ್ಯೆಗಳು ಇನ್‌ಪುಟ್, ಔಟ್‌ಪುಟ್, ಎರರ್‌ಗಳಿಗೆ ಮೀಸಲು. ಹಾಗೆ ಕೊಟ್ಟ ಸಾಕೆಟ್‌ಗಳ ಎಣಿಕೆ 3ರಿಂದ ಶುರು. ಸೇವೆ ನಡುವೆ ಕುಸಿದುಬಿದ್ದರೂ ಬಾಗಿಲು ಮುಚ್ಚುವುದಿಲ್ಲ. ಆಗಲೇ ಒಳಗೆ ಹೋದವರ ಮಾತು ತುಂಡಾಗಬಹುದು, ಆದರೆ ಸರತಿಯಲ್ಲಿದ್ದವರು ಹೊಸದಾಗಿ ಎದ್ದ ಸೇವೆಗೆ ಸಿಗುತ್ತಾರೆ.

ವಿಚಾರ ಹಳೆಯದು. 1980ರ ದಶಕದ ಬಿಎಸ್‌ಡಿ ಯುನಿಕ್ಸ್‌ನ ಐನೆಟ್‌ಡಿ ಹೀಗೇ ಬಾಗಿಲು ಕಾಯುತ್ತಿತ್ತು. 2005ರಲ್ಲಿ ಆ್ಯಪಲ್ ಲಾಂಚ್‌ಡಿ ತಂದಿತು. 2010ರಲ್ಲಿ ಸಿಸ್ಟಮ್‌ಡಿಯನ್ನು ಪರಿಚಯಿಸಿದ ಲೆನಾರ್ಟ್ ಪೋಟರಿಂಗ್, ಲಾಂಚ್‌ಡಿಯ ಋಣವನ್ನು ಮುಚ್ಚಿಡದೆ ಹೇಳಿಕೊಂಡರು.

ನಾವು ಮನೆಯಲ್ಲಿ ಆಡುವ ಉರ್ದುವಿನಲ್ಲಿ ‘ಅಮಾನತ್’ ಎಂದರೆ ಇನ್ನೊಬ್ಬರಿಗಾಗಿ ಜೋಪಾನವಾಗಿ ಇಟ್ಟುಕೊಂಡ ವಸ್ತು. ಕನ್ನಡ ಪತ್ರಿಕೆಗಳಲ್ಲಿ ‘ಅಮಾನತು’ ಎಂದರೆ ನೌಕರನನ್ನು ಸದ್ಯಕ್ಕೆ ಕೆಲಸದಿಂದ ದೂರ ಇಟ್ಟದ್ದು. ಸಾಕೆಟ್ ವಿಷಯದಲ್ಲಿ ಎರಡು ಅರ್ಥವೂ ಕೂಡುತ್ತವೆ: ಸೇವೆ ಸದ್ಯಕ್ಕೆ ನಿಂತಿದೆ, ಬಂದವರ ಕೋರಿಕೆ ಮಾತ್ರ ಜೋಪಾನವಾಗಿದೆ.

ಇನ್ನೂ ಒಂದು ಮಾತು. 1024ಕ್ಕಿಂತ ಕೆಳಗಿನ ಪೋರ್ಟ್ ತೆರೆಯಲು ಸಾಮಾನ್ಯವಾಗಿ ರೂಟ್ ಅಧಿಕಾರ ಬೇಕು. ಅದನ್ನು ಸಿಸ್ಟಮ್‌ಡಿ ತೆರೆದುಕೊಟ್ಟರೆ ಸೇವೆಗೆ ಆ ಅಧಿಕಾರವೇ ಬೇಡ. ಸಿಸ್ಟಮ್‌ಡಿಯೂ ಬಂದ ಕೋರಿಕೆಯನ್ನು ಬಿಚ್ಚಿ ಓದುವುದಿಲ್ಲ. ಯಾರಿಗೆ ಸೇರಬೇಕೋ ಅವರಿಗೆ ಒಪ್ಪಿಸುತ್ತದೆ. ಅಧಿಕಾರ ಇದ್ದವರು ಬಾಗಿಲು ತೆರೆದಿಟ್ಟು, ಇನ್ನೊಬ್ಬರದನ್ನು ಮುಟ್ಟದೆ ತಲುಪಿಸುವುದು. ಅಮಾನತ್ ಕಾಯುವುದೆಂದರೆ ಇದೇ ಅಲ್ಲವೇ?