ಹೆಬ್ಬೆರಳಿಗೊಂದು ಕೆಲಸ

ನೆನೆಹಾಕಿದ ಅವರೆಕಾಳನ್ನು ಹಿದುಕುವಾಗ ನಿಜವಾಗಿ ದುಡಿಯುವುದು ಹೆಬ್ಬೆರಳು. ಮಿಕ್ಕ ಬೆರಳುಗಳು ಕಾಳನ್ನು ಹಿಡಿದುಕೊಂಡರೆ ಸಾಕು, ಇದು ತುಸು ಒತ್ತಿದರೆ ಬೇಳೆ ಸಿಪ್ಪೆಯಿಂದ ಚಿಮ್ಮಿ ಪಾತ್ರೆಗೆ ಬೀಳುತ್ತದೆ. ಅದೇ ಹೆಬ್ಬೆರಳು ಕಂಪ್ಯೂಟರಿನ ಮುಂದೆ ಮೌಸಿನ ಪಕ್ಕೆಗೆ ಒರಗಿಕೊಂಡು ದಿನವಿಡೀ ಸುಮ್ಮನಿರುತ್ತದೆ. ಒತ್ತುವುದೂ ತೋರುಬೆರಳೇ, ಚಕ್ರ ಉರುಳಿಸುವುದೂ ತೋರುಬೆರಳೇ.

ಮೈಸೂರಿನಲ್ಲಿ ಪುಸ್ತಕಗಳ ಕರಡು ತಿದ್ದುವ ಒಬ್ಬರಿಗೆ ಇದು ಹೊಳೆದದ್ದು ಪಕ್ಕೆಯಲ್ಲಿ ಎರಡು ಸಣ್ಣ ಗುಂಡಿಗಳಿದ್ದ ಮೌಸ್ ಕೈಗೆ ಬಂದ ದಿನ. ಅವರ ಕೆಲಸವೇ ಅಂಥದ್ದು. ಒಂದು ಊರಿನ ಹೆಸರು, ಒಂದು ಇಸವಿ, ಒಂದು ಕಾಗುಣಿತ ಸರಿಯಿದೆಯೇ ಎಂದು ನೋಡಲು ದಿನಕ್ಕೆ ನೂರಾರು ಪುಟ ತೆರೆಯಬೇಕು, ನೋಡಿ ಹಿಂದಿರುಗಬೇಕು. ಹಿಂದಿರುಗುವುದಕ್ಕಾಗಿ ಬಾಣದ ಗುರುತನ್ನು ಹುಡುಕಿಕೊಂಡು ಪರದೆಯ ಎಡ ಮೂಲೆಗೆ ಹೋಗುವುದು, ಮತ್ತೆ ಓದುತ್ತಿದ್ದ ಸಾಲಿಗೆ ಬರುವುದು. 24 ಇಂಚಿನ ಪರದೆ ಎಂದರೆ ಅಡ್ಡಕ್ಕೆ ಸುಮಾರು 53 ಸೆಂಟಿಮೀಟರ್. ಅಷ್ಟಗಲದ ಬಯಲಿನಲ್ಲಿ ಉಗುರಿನಷ್ಟು ಗುರುತಿಗೆ ಗುರಿಯಿಡುವ ಆ ಓಡಾಟ ಸಂಜೆಯ ಹೊತ್ತಿಗೆ ಮಣಿಕಟ್ಟಿನಲ್ಲಿ ಕೂರುತ್ತಿತ್ತು.

ಗುರಿ ದೂರವಿದ್ದಷ್ಟೂ, ಚಿಕ್ಕದಾದಷ್ಟೂ ಕೈಗೆ ಹೊತ್ತು ಹಿಡಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ಇದನ್ನು ಸೂತ್ರವಾಗಿ ಬರೆದಿಟ್ಟರು. ಪಕ್ಕೆಯ ಗುಂಡಿಯ ಸೊಗಸು ಇರುವುದು ಇಲ್ಲಿ: ಅದಕ್ಕೆ ದೂರವೇ ಇಲ್ಲ. ಮೌಸಿನ ಬಾಣ ಎಲ್ಲಿತ್ತೋ ಅಲ್ಲೇ ಇರುತ್ತದೆ, ಕಣ್ಣು ಸಾಲನ್ನು ಬಿಡುವುದಿಲ್ಲ, ಪುಟ ಮಾತ್ರ ಹಿಂದಕ್ಕೆ ಸರಿಯುತ್ತದೆ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಲಿಂಡಾ ಟಾಶರ್ ಮತ್ತು ಸಾಲ್ ಗ್ರೀನ್‌ಬರ್ಗ್ 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜನ ತೆರೆಯುವ ಪುಟಗಳಲ್ಲಿ ಶೇಕಡ 58ರಷ್ಟು ಅವರು ಮೊದಲೇ ನೋಡಿದ್ದವು. ಓದುಗ ಹೋಗುವುದಕ್ಕಿಂತ ಹಿಂದಿರುಗುವುದೇ ಹೆಚ್ಚು ಎಂದಾದರೆ, ಹಿಂದಿರುಗುವ ಗುಂಡಿ ಕೈಯೊಳಗೇ ಇರಬೇಕಲ್ಲವೇ?

ಮೌಸಿಗೆ ಎಷ್ಟು ಗುಂಡಿ ಇರಬೇಕು ಎಂಬ ಪ್ರಶ್ನೆ ಮೌಸಿನಷ್ಟೇ ಹಳೆಯದು. ಡಗ್ಲಸ್ ಎಂಗೆಲ್‌ಬಾರ್ಟ್ ಕಲ್ಪಿಸಿ, ಬಿಲ್ ಇಂಗ್ಲಿಷ್ 1964ರಲ್ಲಿ ಮಾಡಿಕೊಟ್ಟ ಮರದ ಮೌಸಿಗೆ ಇದ್ದದ್ದು ಒಂದೇ ಗುಂಡಿ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ಸಭಿಕರ ಮುಂದೆ ಎಂಗೆಲ್‌ಬಾರ್ಟ್ ಅದನ್ನು ತೋರಿಸುವ ಹೊತ್ತಿಗೆ ಮೂರಾಗಿದ್ದವು. ಅವರ ಎಡಗೈಗೆ ಇನ್ನೊಂದು ಸಾಧನವಿತ್ತು, ಪಿಯಾನೋದ ಹಾಗೆ ಐದು ಮನೆಗಳದ್ದು. ಎರಡೂ ಕೈ ಕೂತಲ್ಲೇ ಕೂತು ಎಲ್ಲವನ್ನೂ ಮಾಡಬೇಕು ಎಂಬುದು ಆ ದೊಡ್ಡ ಮನಸ್ಸಿನ ಆಸೆ. 1984ರ ಮೆಕಿಂಟಾಷ್ ಮತ್ತೆ ಒಂದೇ ಗುಂಡಿಗೆ ಇಳಿಯಿತು. 1996ರಲ್ಲಿ ಮೈಕ್ರೋಸಾಫ್ಟಿನ ಇಂಟೆಲಿಮೌಸ್ ಚಕ್ರವನ್ನು ಮನೆಮಾತು ಮಾಡಿತು. 1999ರ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಪಕ್ಕೆಯಲ್ಲೇ ಎರಡು ಗುಂಡಿ ಹೊತ್ತು ಬಂತು.

ಆದರೆ ಗುಂಡಿ ಇದ್ದರಾಯಿತೇ, ಅದಕ್ಕೆ ಹೇಳಿಕೊಟ್ಟ ಕೆಲಸ ಬೇಡವೇ? ಇದೊಂದು ಹವ್ಯಾಸವಾಗುವುದೇ ಆ ಹೇಳಿಕೊಡುವಲ್ಲಿ. ಕರಡು ತಿದ್ದುವವರ ಮನೆಯಲ್ಲಿರುವುದು ಲಿನಕ್ಸ್. ಅದರಲ್ಲಿ ‘ಎಕ್ಸ್‌ಇವಿ’ ಎಂಬ ಪುಟಾಣಿ ತಂತ್ರಾಂಶವಿದೆ. ಟರ್ಮಿನಲ್ಲಿನಲ್ಲಿ ಅದರ ಹೆಸರು ಬರೆದರೆ ಒಂದು ಬಿಳಿಯ ಕಿಟಕಿ ತೆರೆದುಕೊಳ್ಳುತ್ತದೆ. ಅದರ ಮೇಲೆ ಬಾಣವಿಟ್ಟು ಯಾವ ಗುಂಡಿ ಒತ್ತಿದರೂ ಆ ಗುಂಡಿಯ ಸಂಖ್ಯೆ ಸಾಲಾಗಿ ಮೂಡುತ್ತದೆ. ಎಡದ್ದು 1, ಚಕ್ರವನ್ನು ಒತ್ತಿದರೆ 2, ಬಲದ್ದು 3. ಪಕ್ಕೆಯ ಮೊದಲ ಗುಂಡಿ ಒತ್ತಿ 4 ಬರಬಹುದು ಎಂದು ಕಾದರೆ ಬಂದದ್ದು 8!

ನಡುವಿನ ನಾಲ್ಕು ಎಲ್ಲಿ ಹೋದವು? ಚಕ್ರ ನುಂಗಿದೆ. ಅವರ ಲಿನಕ್ಸಿನಲ್ಲಿ ಕಿಟಕಿಗಳನ್ನು ತೋರಿಸುವ ಎಕ್ಸ್ ಕಿಟಕಿ ವ್ಯವಸ್ಥೆ ಎಂಐಟಿಯಲ್ಲಿ ಹುಟ್ಟಿದ್ದು 1984ರಲ್ಲಿ, ಚಕ್ರ ಮನೆಮನೆಗೆ ಬರುವುದಕ್ಕೆ ಹನ್ನೆರಡು ವರ್ಷ ಮೊದಲು. ಉರುಳುವ ವಸ್ತುವಿಗೆ ಅಲ್ಲಿ ಹೆಸರೇ ಇರಲಿಲ್ಲ. ಹಾಗಾಗಿ ಆಮೇಲೆ ಬಂದವರು ಚಕ್ರದ ಒಂದೊಂದು ಹಲ್ಲನ್ನೂ ಗುಂಡಿ ಒತ್ತಿದ ಹಾಗೆಯೇ ಲೆಕ್ಕ ಹಿಡಿದರು: ಮೇಲಕ್ಕೆ 4, ಕೆಳಕ್ಕೆ 5, ಎಡಬಲಕ್ಕೆ ವಾಲಿದರೆ 6 ಮತ್ತು 7. ಪಕ್ಕೆಯವಕ್ಕೆ ಸರದಿ ಸಿಕ್ಕಿದ್ದು 8, 9ರಲ್ಲಿ. ಹಳೆಯ ಮನೆಗೆ ಹೊಸ ಕೋಣೆ ಸೇರಿಸಿದಾಗ ಬಾಗಿಲು ಎಲ್ಲೋ ಒಂದು ಕಡೆ ಬರುವಂತೆ ಬಂದ ಈ ಸಂಖ್ಯೆಗಳು ಅವರಿಗೆ ಬಹಳ ಪ್ರಿಯ. ವಿಂಡೋಸಿನಲ್ಲಿ ಅದೇ ಗುಂಡಿಗಳ ಹೆಸರು ಎಕ್ಸ್‌ಬಟನ್ 1 ಮತ್ತು 2. ಅಲ್ಲಿ ಆಟೋಹಾಟ್‌ಕೀ ಎಂಬ ಉಚಿತ ತಂತ್ರಾಂಶದಲ್ಲಿ ಒಂದೊಂದು ಸಾಲು ಬರೆದರೆ ಕೆಲಸ ಆಗುತ್ತದೆ.

8ನ್ನು ಅವರು ಮುಟ್ಟಲಿಲ್ಲ, ಹಿಂದಕ್ಕೆ ಹೋಗುವ ಕೆಲಸವನ್ನು ಫೈರ್‌ಫಾಕ್ಸ್ ತಾನಾಗಿಯೇ ಮಾಡುತ್ತದೆ. ಮುಂದಕ್ಕೆ ಹೋಗುವ 9 ಮಾತ್ರ ತಿಂಗಳಿಗೊಮ್ಮೆಯೂ ಬೇಕಾಗುತ್ತಿರಲಿಲ್ಲ. ‘ಎಕ್ಸ್‌ಬೈಂಡ್‌ಕೀಸ್’ ಎಂಬ, ಗುಂಡಿಗಳಿಗೆ ಕೆಲಸ ಹಚ್ಚುವ ತಂತ್ರಾಂಶದ ಕಡತದಲ್ಲಿ ಎರಡು ಸಾಲು ಬರೆದರು: ಮೊದಲ ಸಾಲಿನಲ್ಲಿ ಟ್ಯಾಬ್ ಮುಚ್ಚುವ ಕಂಟ್ರೋಲ್ ಡಬ್ಲ್ಯೂ ಒತ್ತು ಎಂಬ ಅಪ್ಪಣೆ, ಎರಡನೆಯದರಲ್ಲಿ ‘ಬಿ:9’. ಅಂದಿನಿಂದ ಓದುವ ರೀತಿಯೇ ಬದಲಾಯಿತು. ಕನ್ನಡ ವಿಕಿಪೀಡಿಯದ ಒಂದು ಲೇಖನದಲ್ಲಿ ಬೇಕಾದ ಕೊಂಡಿಗಳ ಮೇಲೆಲ್ಲ ಚಕ್ರವನ್ನು ಒತ್ತಿಕೊಂಡು ಹೋದರೆ ಅವು ಹಿಂದೆ ಹಿಂದೆ ಹೊಸ ಟ್ಯಾಬುಗಳಾಗಿ ಸಾಲುಗಟ್ಟುತ್ತವೆ. ಆಮೇಲೆ ಒಂದೊಂದನ್ನೇ ಓದುವುದು, ಹೆಬ್ಬೆರಳಿನಿಂದ ಮುಚ್ಚುವುದು. ಓದಿದ್ದು ಟಿಕ್ ಎಂದು ಮಾಯ, ಮುಂದಿನದು ಎದುರಿಗೆ. ಅವರೆಬೇಳೆ ಪಾತ್ರೆಗೆ ಬಿದ್ದಷ್ಟೇ ಹಿತ.

ತೊಡಕೂ ಎದುರಾಯಿತು. ಕಂಟ್ರೋಲ್ ಡಬ್ಲ್ಯೂ ಬ್ರೌಸರಿನಲ್ಲಿ ಟ್ಯಾಬ್ ಮುಚ್ಚಿದರೆ ಟರ್ಮಿನಲ್ಲಿನಲ್ಲಿ ಹಿಂದಿನ ಪದವನ್ನು ಅಳಿಸುತ್ತದೆ, ಲಿಬ್ರೆ ಆಫೀಸಿನಲ್ಲಿ ತಿದ್ದುತ್ತಿರುವ ಕರಡನ್ನೇ ಮುಚ್ಚಲು ಹೊರಡುತ್ತದೆ. ಎದುರಿಗಿರುವುದು ಯಾವ ಕಿಟಕಿ ಎಂದು ಮೊದಲು ವಿಚಾರಿಸಿ, ಬ್ರೌಸರ್ ಆದರೆ ಮಾತ್ರ ಮುಚ್ಚುವಂತೆ ಅವರು ಒಂದು ಸಣ್ಣ ಸ್ಕ್ರಿಪ್ಟ್ ಬರೆದರು. ಅದಕ್ಕೆ ಎರಡು ಸಂಜೆ ಹಿಡಿದವು. ಕೈತಪ್ಪಿ ಮುಚ್ಚಿದ ಟ್ಯಾಬನ್ನು ಕಂಟ್ರೋಲ್ ಶಿಫ್ಟ್ ಟಿ ಮರಳಿ ತರುತ್ತದೆ ಎಂಬ ಧೈರ್ಯ ಇದ್ದೇ ಇತ್ತು.

ಅವರ ಅಕ್ಕನ ಮೌಸಿಗೆ ಬೇರೆಯೇ ಪಾಠ ಬೇಕಾಯಿತು. ಆಕೆ ಎಡಗೈಯವರು. ಪಕ್ಕೆಯ ಗುಂಡಿ ಇರುವ ಮೌಸುಗಳಲ್ಲಿ ಹೆಚ್ಚಿನವು ಬಲಗೈಯವರಿಗೆಂದೇ ಬಾಗಿದವು. ಎಡಗೈಯಲ್ಲಿ ಹಿಡಿದರೆ ಗುಂಡಿಗಳು ಕಿರುಬೆರಳಿನ ಕಡೆಗೆ ಹೋಗುತ್ತವೆ. ಎರಡೂ ಪಕ್ಕೆಗೆ ಗುಂಡಿ ಇರುವ ಒಂದನ್ನು ಹುಡುಕಿ ತಂದು, ‘ಎಕ್ಸ್‌ಮಾಡ್‌ಮ್ಯಾಪ್’ನಲ್ಲಿ 1, 2, 3ರ ಕ್ರಮವನ್ನು 3, 2, 1 ಮಾಡಿಕೊಟ್ಟರು.

“ಅಕ್ಕ, ಹೆಬ್ಬೆರಳಲ್ಲಿ ಒಂದ್ಸಲ ಒತ್ತಿ ನೋಡು.”

“ಅಯ್ಯೋ, ಹಿಂದಕ್ಕೆ ಬಂತಲ್ಲೋ! ಇಷ್ಟು ವರ್ಷ ನನಗೆ ಯಾರೂ ಹೇಳಲೇ ಇಲ್ಲ.”

ಉಳಿದದ್ದು ಚಕ್ರದ ವಾಲು. ಎಡಕ್ಕೆ ವಾಲಿಸಿದರೆ ಹಿಂದಿನ ಟ್ಯಾಬ್. ಬಲಕ್ಕೆ ವಾಲಿಸುವ 7ನ್ನು ಅವರು ನಿಘಂಟಿಗೆ ಮುಡಿಪಾಗಿಟ್ಟರು. ವಿ. ಕೃಷ್ಣ ಅವರು ದಶಕಗಳ ಕಾಲ ಕೂಡಿಸಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ, 2019ರಿಂದ ಅದು ಎಲ್ಲರಿಗೂ ಮುಕ್ತ. ಎಕ್ಸ್ ವ್ಯವಸ್ಥೆಯಲ್ಲಿ ಒಂದು ಪದವನ್ನು ಆಯ್ದರೆ ಸಾಕು, ಕಾಪಿ ಮಾಡದೆಯೂ ಅದು ನೆನಪಿನಲ್ಲಿ ಕೂತಿರುತ್ತದೆ. ‘ಎಕ್ಸ್‌ಕ್ಲಿಪ್’ ಅದನ್ನು ಎತ್ತಿಕೊಟ್ಟರೆ ಇನ್ನೊಂದು ಸ್ಕ್ರಿಪ್ಟ್ ನಿಘಂಟಿನ ಪುಟಕ್ಕೆ ಒಯ್ಯುತ್ತದೆ. ಮೊದಲ ದಿನ ಅದೇ ಪುಟ ನಾಲ್ಕು ಸಲ ತೆರೆದುಕೊಂಡಿತು. ಚಕ್ರವನ್ನು ವಾಲಿಸಿ ಹಿಡಿದಷ್ಟು ಹೊತ್ತೂ ಅವರ ಮೌಸ್ ಸಂಕೇತ ಕಳಿಸುತ್ತಲೇ ಇರುತ್ತಿತ್ತು. ಒಂದು ಸಲ ಬಂದ ಮೇಲೆ ಒಂದು ಸೆಕೆಂಡು ಕಿವಿ ಮುಚ್ಚಿಕೊಂಡಿರು ಎಂದು ಸ್ಕ್ರಿಪ್ಟಿಗೆ ಕಲಿಸಿದ ಮೇಲೆ ಸರಿಹೋಯಿತು.

ಮೊನ್ನೆ ಅಡುಗೆ ಪುಸ್ತಕವೊಂದರ ಕರಡು ಬಂದಿತ್ತು. ಒಂದು ಪುಟದಲ್ಲಿ ‘ಹಿತುಕಿದ ಬೇಳೆ’, ಮುಂದಿನ ಪುಟದಲ್ಲಿ ‘ಹಿದುಕಿದ ಬೇಳೆ’. ಅವರು ಮೊದಲನೆಯ ಪದವನ್ನು ಆಯ್ದು ಚಕ್ರ ವಾಲಿಸಿದರು, ನೋಡಿ 9 ಒತ್ತಿದರು. ಎರಡನೆಯದನ್ನು ಆಯ್ದು ಮತ್ತೆ ವಾಲಿಸಿದರು, ಮತ್ತೆ 9. ಆಮೇಲೆ ಎದ್ದು ಕಪಾಟಿನಿಂದ 1894ರ ಕಿಟೆಲ್ ನಿಘಂಟಿನ ಮರುಮುದ್ರಣವನ್ನು ಇಳಿಸಿಕೊಂಡು, ‘ಹಿ’ ಅಕ್ಷರದ ಪುಟಗಳನ್ನು ಹೆಬ್ಬೆರಳಿನಿಂದಲೇ ಸರಿಸತೊಡಗಿದರು.